ಕಬ್ಬಿನ ಸೀಜನ್‌ನಲ್ಲಿ ರಾತ್ರಿ ಬೈಕ್: ಟ್ರಾಲಿಗೆ ಗುದ್ದದೆ ಮನೆ ಸೇರುವ ಕ್ರಮ

ಹೋದ ಸೀಜನ್ ಮುಗಿಯುವ ಹೊತ್ತಿಗೆ ನಮ್ಮ ಓಣಿಯಲ್ಲೇ ಮೂರು ಜನ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಟ್ಟೆ ಮೇಲೆ ಕೂತಿದ್ದರು. ಮೂವರದ್ದೂ ಒಂದೇ ಮಾತು. "ಜೋರ್ ಇದ್ದಿದ್ದಿಲ್ರಿ, ಟ್ರಾಲಿ ಕಾಣಲೇ ಇಲ್ಲ." ಸುಳ್ಳು ಹೇಳುತ್ತಿರಲಿಲ್ಲ. ನಿಧಾನವಾಗಿ ಹೋಗುತ್ತಿದ್ದೇನೆ ಎಂದು ಪ್ರತಿಯೊಬ್ಬರೂ ನಂಬಿದ್ದರು. ನಿಧಾನ ಅಂದರೆ ಎಷ್ಟು ಎಂದು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ನಾನೂ ಹಾಕಿರಲಿಲ್ಲ. ಒಂದು ರಾತ್ರಿ ಮುಧೋಳ ದಾಟಿ ಜಮಖಂಡಿ ಕಡೆ ಬರುವಾಗ ನನ್ನ ಲೈಟಿಗೆ ಮೊದಲು ಕಂಡದ್ದು ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿ ಅಲ್ಲ, ಅದರ ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು. ಬ್ರೇಕ್ ಹಾಕಿದೆ. ಬೈಕ್ ನಿಂತಾಗ ಕಬ್ಬಿನ ತುದಿ ವೈಸರ್‌ಗೆ ತಾಗುತ್ತಿತ್ತು. ಎಂಟಡಿ ಅಗಲದ ಟ್ರಾಲಿ ಕಾಣದೆ ಒಂದು ಕಲ್ಲು ಕಂಡಿತಲ್ಲ ಎಂದು ಆಮೇಲೆ ಬಹಳ ಯೋಚಿಸಿದೆ. ಕಲ್ಲಿನ ಮುಖ ಬೆಳ್ಳಗಿತ್ತು, ನೆಲದ ಮೇಲಿತ್ತು. ಡಿಮ್ ಲೈಟ್ ಬೀಳುವುದು ನೆಲದ ಮೇಲೆ. ಒಣ ಸೋಗೆ, ಮಣ್ಣು ಹತ್ತಿದ ಕಬ್ಬು, ಕತ್ತಲು ಎಲ್ಲ ಒಂದೇ ಬಣ್ಣ.

ನಮ್ಮ ಕಡೆ ಅಕ್ಟೋಬರ್–ನವೆಂಬರ್‌ಗೆ ಸಕ್ಕರೆ ಕಾರ್ಖಾನೆ ಶುರುವಾದರೆ ಮಾರ್ಚ್ ತನಕ, ಕೆಲವು ವರ್ಷ ಏಪ್ರಿಲ್ ತನಕವೂ ಅಥಣಿ, ಚಿಕ್ಕೋಡಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ, ಇಂಡಿ ರಸ್ತೆಗಳಲ್ಲಿ ಇದೇ ಕಥೆ. ಈ ಐದಾರು ತಿಂಗಳು ಬೈಕ್ ಓಡಿಸುವ ರೀತಿಯೇ ಬೇರೆ ಇರಬೇಕು. ಕ್ರಮ ಮುಖ್ಯ. ಮೊದಲ ಎರಡು ಹಂತ ಬಿಟ್ಟು ಓವರ್‌ಟೇಕ್ ಹಂತಕ್ಕೆ ಹಾರಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಐಎಸ್‌ಐ ಗುರುತಿನ, ಗದ್ದದ ಕೆಳಗೆ ಪಟ್ಟಿ ಬಿಗಿಯುವ ಹೆಲ್ಮೆಟ್. ತಲೆ ಮೇಲೆ ಬಟ್ಟಲು ಮಗುಚಿದ ಹಾಗಿರುವ ಅರ್ಧ ಟೋಪಿ ಪೊಲೀಸರಿಗೆ ತೋರಿಸಲಿಕ್ಕಷ್ಟೇ, ತಲೆಗೆ ಅಲ್ಲ. ವೈಸರ್ ಬಿಳಿಯದ್ದೇ ಇರಲಿ. ಕಪ್ಪು ವೈಸರ್ ರಾತ್ರಿ ಕಣ್ಣು ಕಟ್ಟಿದ ಹಾಗೆ.

ಒಂದು ಮೆತ್ತನೆ ಬಟ್ಟೆ, ಸಣ್ಣ ನೀರಿನ ಬಾಟಲಿ, ಕೈಬ್ಯಾಟರಿ. ಎರಡು ಮೀಟರ್ ಕೆಂಪು ರಿಫ್ಲೆಕ್ಟರ್ ಟೇಪ್. ಆಟೋಮೊಬೈಲ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಅರ್ಧವನ್ನು ನಿಮ್ಮ ಹೆಲ್ಮೆಟ್ ಹಿಂದೆ, ಬೈಕ್‌ನ ಹಿಂದಿನ ಮಡ್‌ಗಾರ್ಡ್ ಮೇಲೆ ಅಂಟಿಸಿ. ಉಳಿದದ್ದು ಡಿಕ್ಕಿಯಲ್ಲಿರಲಿ, ಯಾಕೆ ಎಂದು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಒಂದು ಕರಿ ಕಂಬಳಿ, ಜೊತೆಗೆ ಒಬ್ಬ ಗೆಳೆಯ. ಇದು ಒಂದೇ ಒಂದು ರಾತ್ರಿಗೆ ಬೇಕು, ಆದರೆ ತಪ್ಪಿಸುವ ಹಾಗಿಲ್ಲ.

## ಹಂತ 1: ಲೈಟ್ ಎಲ್ಲಿ ಬೀಳುತ್ತಿದೆ ನೋಡಿ

ಬಹಳ ಜನ ಬಲ್ಬ್ ಉರಿಯುತ್ತಿದೆಯಾ ಎಂದಷ್ಟೇ ನೋಡುತ್ತಾರೆ. ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೋಡುವುದಿಲ್ಲ.

ಸಂಜೆ ಕತ್ತಲಾದ ಮೇಲೆ ಸಮತಟ್ಟು ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರಕ್ಕೆ ಬೈಕ್ ನಿಲ್ಲಿಸಿ. ನೀವು ಸೀಟಿನ ಮೇಲೆ ಕೂತಿರಬೇಕು. ದಿನಾ ಹಿಂದೆ ಯಾರಾದರೂ ಕೂರುವುದಿದ್ದರೆ ಅವರೂ ಕೂರಲಿ, ಏಕೆಂದರೆ ಹಿಂದೆ ಭಾರ ಬಿದ್ದರೆ ಲೈಟ್ ಮೇಲಕ್ಕೆ ಏಳುತ್ತದೆ. ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ನಿಮ್ಮ ಹೆಡ್‌ಲೈಟ್ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಎದುರಿನವನ ಕಣ್ಣು ಕುಕ್ಕುತ್ತೀರಿ. ಬಹಳ ಕೆಳಗಿದ್ದರೆ ನಿಮ್ಮ ಮುಂದಿನ ಗಾಲಿ ಮಾತ್ರ ನಿಮಗೆ ಚೆನ್ನಾಗಿ ಕಾಣುತ್ತದೆ. ಸರಿ ಮಾಡುವುದು ಗ್ಯಾರೇಜ್‌ನವರಿಗೆ ಐದು ನಿಮಿಷದ ಕೆಲಸ.

ಲೈಟಿನ ಗಾಜು, ವೈಸರ್ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಸೀಜನ್‌ನಲ್ಲಿ ರಸ್ತೆ ತುಂಬ ಹೊಲದ ಮಣ್ಣಿನ ಧೂಳು. ಒಣ ಬಟ್ಟೆಯಿಂದ ತಿಕ್ಕಿದರೆ ವೈಸರ್ ಮೇಲೆ ಗೆರೆ ಬೀಳುತ್ತವೆ. ಹಗಲು ಅವು ಕಾಣುವುದಿಲ್ಲ. ರಾತ್ರಿ ಎದುರು ಲೈಟ್ ಬಿದ್ದ ಕೂಡಲೇ ಒಂದೊಂದು ಗೆರೆಯೂ ಮಿಂಚುತ್ತದೆ, ಮುಂದಿನದ್ದು ಏನೂ ಕಾಣುವುದಿಲ್ಲ. ಅಂಥ ವೈಸರ್ ಬದಲಿಸಿ.

ಹಿಂದಿನ ಲೈಟ್, ಬ್ರೇಕ್ ಲೈಟ್ ಉರಿಯುತ್ತವಾ ನೋಡಿ. ನೀವು ಟ್ರಾಲಿ ಹಿಂದೆ ನಿಧಾನ ಮಾಡಿದಾಗ ನಿಮ್ಮ ಹಿಂದಿನ ಲಾರಿಗೆ ನೀವು ಕಾಣಬೇಕು, ಅಲ್ವಾ?

## ಹಂತ 2: ನಿಮ್ಮ "ನಿಧಾನ" ಎಷ್ಟು ಎಂದು ಅಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ವಾಹನ ಓಡಾಡದ ಹೊಲದ ದಾರಿಗೆ ಹೋಗಿ, ಬೀದಿದೀಪ ಇರಬಾರದು. ಬೈಕ್ ನಿಲ್ಲಿಸಿ ಡಿಮ್ ಲೈಟ್ ಹಾಕಿ. ಗೆಳೆಯ ಕರಿ ಕಂಬಳಿ ಹೊದ್ದು, ನಿಮಗೆ ಬೆನ್ನು ಮಾಡಿ, ಹೆಜ್ಜೆ ಎಣಿಸುತ್ತ ಮುಂದೆ ಹೋಗಲಿ. ಅವನು ಕತ್ತಲಲ್ಲಿ ಕರಗಿದ ಕೂಡಲೇ ಕೂಗಿ ನಿಲ್ಲಿಸಿ. ಎಷ್ಟು ಹೆಜ್ಜೆಯಾಯಿತು ಕೇಳಿ. ಸಾಧಾರಣ ಬೈಕ್‌ಗೆ 30ರಿಂದ 40 ಮೀಟರ್, ಅಂದರೆ 40ರಿಂದ 50 ಹೆಜ್ಜೆ ಬರುತ್ತದೆ. ನನ್ನ ಹಳೇ ಬೈಕ್‌ಗೆ 43 ಹೆಜ್ಜೆ ಬಂತು. ನೂರರ ಹತ್ತಿರ ಬರಬಹುದು ಅಂದುಕೊಂಡಿದ್ದೆ.

ಈಗ ನಿಲ್ಲಲು ಬೇಕಾದ ದೂರ ನೋಡಿ. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಆಮೇಲೆ ಬ್ರೇಕಿನ ದೂರ. ಒಣ ಡಾಂಬರಿನ ಮೇಲೆ, ಬ್ರೇಕ್ ಚೆನ್ನಾಗಿದ್ದರೆ:

- 40 ಕಿ.ಮೀ. ವೇಗದಲ್ಲಿ ಒಟ್ಟು ಸುಮಾರು 27 ಮೀಟರ್, ಅಂದರೆ 36 ಹೆಜ್ಜೆ
- 50ರಲ್ಲಿ ಸುಮಾರು 37 ಮೀಟರ್, 50 ಹೆಜ್ಜೆ
- 60ರಲ್ಲಿ ಸುಮಾರು 48 ಮೀಟರ್, 64 ಹೆಜ್ಜೆ

60ರಲ್ಲಿ ಹೋಗುವವನಿಗೆ ಟ್ರಾಲಿ ಕಂಡಾಗ ನಿಲ್ಲಲು ಜಾಗವೇ ಉಳಿದಿರುವುದಿಲ್ಲ. ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಹಗಲು 60 ನಿಧಾನವೇ, ಅದನ್ನೇ ರಾತ್ರಿಗೂ ಹಿಡಿದುಕೊಂಡು ಹೋಗುವುದೇ ಎಲ್ಲರೂ ಮಾಡುವ ತಪ್ಪು. ನನ್ನ 43 ಹೆಜ್ಜೆಗೆ 40 ಸರಿ ಹೊಂದಿತು. ನಿಮ್ಮದು ನೀವು ಅಳೆಯಿರಿ. ಎದುರಿಗೆ ಯಾರೂ ಇಲ್ಲದಾಗ ಅಪ್ಪರ್ (ದೂರಕ್ಕೆ ಬೀಳುವ ಲೈಟ್) ಹಾಕಿಕೊಂಡರೆ ಸ್ವಲ್ಪ ಜಾಸ್ತಿ ಹೋಗಬಹುದು. ಡಿಮ್‌ಗೆ ಇಳಿಸಿದ ಕ್ಷಣ ವೇಗವೂ ಇಳಿಯಬೇಕು. ಕೈ ಎರಡೂ ಕೆಲಸ ಒಟ್ಟಿಗೆ ಮಾಡುವಂತೆ ರೂಢಿ ಮಾಡಿಕೊಳ್ಳಿ.

ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ಬೆಳಗಿನ ಜಾವ ಮಂಜು ಇಳಿದಿರುತ್ತದೆ. ಕಟಾವಾದ ಹೊಲದಲ್ಲಿ ರವದಿ (ಉಳಿದ ಒಣ ಸೋಗೆ) ಸುಟ್ಟರೆ ಹೊಗೆ ರಸ್ತೆಗೆ ಅಡ್ಡ ಬರುತ್ತದೆ. ಆಗ ಮೇಲಿನ ಲೆಕ್ಕವೂ ನಡೆಯುವುದಿಲ್ಲ. ಹೊಗೆಯೊಳಗೆ ನುಗ್ಗುವ ಮುಂಚೆಯೇ ನಿಧಾನ ಮಾಡಿ, ನುಗ್ಗಿದ ಮೇಲೆ ಅಲ್ಲ.

## ಹಂತ 3: ಟ್ರಾಲಿ ಕಾಣುವ ಮುಂಚೆ ಅದರ ಸುಳಿವು ಹಿಡಿಯಿರಿ

ಟ್ರಾಲಿ ಕಾಣಿಸದಿದ್ದರೂ ಸುಳಿವು ಕೊಡುತ್ತದೆ.

ರಸ್ತೆ ಮೇಲೆ ಹಸಿ ಕಬ್ಬಿನ ತುಂಡು, ಸೋಗೆ ಬಿದ್ದಿದ್ದರೆ ಸ್ವಲ್ಪ ಹೊತ್ತಿಗೆ ಮುಂಚೆ ಒಂದು ಟ್ರ್ಯಾಕ್ಟರ್ ಹೋಗಿದೆ ಎಂದರ್ಥ. ಅದು 15–20ರ ವೇಗದಲ್ಲಿ ಹೋಗುತ್ತಿರುತ್ತದೆ, ನೀವು ಬೇಗ ಮುಟ್ಟುತ್ತೀರಿ. ಹೊಲದ ದಾರಿ ರಸ್ತೆಗೆ ಕೂಡುವಲ್ಲಿ ಡಾಂಬರ್ ಮೇಲೆ ಕರಿಮಣ್ಣಿನ ಗಾಲಿ ಗುರುತು ಇದ್ದರೂ ಅಷ್ಟೇ. ಮಣ್ಣು ಹಸಿಯಾಗಿ ಮಿಂಚುತ್ತಿದ್ದರೆ ಟ್ರ್ಯಾಕ್ಟರ್‌ನವನು ಈಗಷ್ಟೇ ರಸ್ತೆಗೆ ಹತ್ತಿದ್ದಾನೆ.

ಹಾಡು ಕೇಳಿಸಿದರೆ ಇನ್ನೂ ಒಳ್ಳೆಯದು. ಟ್ರ್ಯಾಕ್ಟರ್ ಡೆಕ್‌ಗಳ ಅಬ್ಬರದ ಬಗ್ಗೆ ನನಗೆ ಸಿಟ್ಟಿದೆ, ಆದರೆ ಒಂದೆರಡು ಸಲ ನನ್ನನ್ನು ಉಳಿಸಿದ್ದೂ ಅದೇ.

ಇನ್ನೊಂದು ಸುಳಿವು ಎದುರಿನಿಂದ ಬರುವ ಲೈಟ್. ದೂರದ ಎದುರು ಬೆಳಕಿನ ಮುಂದೆ ಕಪ್ಪನೆ ಚೌಕ ನೆರಳು ಅಡ್ಡ ಬಂದರೆ, ಅಥವಾ ಆ ಬೆಳಕು ಕ್ಷಣಕಾಲ ಮಾಯವಾಗಿ ಮತ್ತೆ ಕಂಡರೆ, ನಿಮ್ಮಿಬ್ಬರ ನಡುವೆ ಏನೋ ಇದೆ. ಗ್ಯಾಸ್ ಬಿಡಿ.

ಎದುರಿಗೆ ಒಂಟಿ ಲೈಟ್ ಬರುತ್ತಿದ್ದರೆ ಬೈಕ್ ಅಂದುಕೊಳ್ಳಬೇಡಿ. ಒಂದು ಲೈಟ್ ಕೆಟ್ಟ ಟ್ರ್ಯಾಕ್ಟರ್ ಇರಬಹುದು. ಉರಿಯುತ್ತಿರುವುದು ಅವನ ಎಡಗಡೆಯ ಲೈಟ್ ಆಗಿದ್ದರೆ, ಬಲಗಡೆಯ ಪೂರ್ತಿ ಮೈ ಕತ್ತಲಲ್ಲಿ ನಿಮ್ಮ ಕಡೆಗೆ ಚಾಚಿರುತ್ತದೆ. ಒಂಟಿ ಲೈಟ್ ಕಂಡರೆ ಲಾರಿ ಬರುತ್ತಿದೆ ಎಂದೇ ತಿಳಿದು ಎಡಕ್ಕೆ ಸರಿಯಿರಿ.

ಕಾರ್ಖಾನೆ ಹತ್ತಿರದ ಎರಡು ಮೂರು ಕಿಲೋಮೀಟರ್ ಬೇರೆಯೇ ಲೋಕ. ಯಾರ್ಡ್ ತುಂಬಿದರೆ ಟ್ರ್ಯಾಕ್ಟರ್ ಸಾಲು ರಸ್ತೆ ಅಂಚಿಗೆ ಬರುತ್ತದೆ. ಲೈಟ್ ಆರಿಸಿ, ಡ್ರೈವರ್‌ಗಳು ಟ್ರಾಲಿ ಕೆಳಗೆ ಮಲಗಿರುತ್ತಾರೆ. ಅಲ್ಲಿ 25–30 ದಾಟಬೇಡಿ.

ಇದೇ ತಿಂಗಳುಗಳಲ್ಲಿ ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿ, ಚಿಂಚಲಿ ಮಾಯಕ್ಕನ ಜಾತ್ರೆಗಳಿವೆ. ಯುಗಾದಿ ಹತ್ತಿರ ಬಂದರೆ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು. ರಾತ್ರಿ ತಂಪು ಹೊತ್ತಿಗೇ ಜನ ನಡೆಯುತ್ತಾರೆ. ಎಡ ಅಂಚಿನಲ್ಲಿ ಟ್ರಾಲಿ ತಪ್ಪಿಸಲು ಹೋಗಿ ಕಂಬಳಿ ಹೊದ್ದು ನಡೆಯುವವರ ಮೇಲೆ ಹೋಗಬಾರದು.

## ಹಂತ 4: ಎದುರು ಲೈಟ್ ಕಣ್ಣಿಗೆ ಹೊಡೆದಾಗ

ಬಹಳಷ್ಟು ಪೆಟ್ಟು ಬೀಳುವುದು ಈ ಎರಡು ಮೂರು ಸೆಕೆಂಡ್‌ಗಳಲ್ಲಿ. ಎದುರಿನ ಕಾರಿನವನು ಅಪ್ಪರ್ ಇಳಿಸುವುದಿಲ್ಲ. ನಿಮಗೆ ಸಿಟ್ಟು ಬರುತ್ತದೆ, ನೀವೂ ಅಪ್ಪರ್ ಹಾಕುತ್ತೀರಿ. ಇಬ್ಬರಿಗೂ ಕಾಣುವುದಿಲ್ಲ. ನಡುವೆ ಟ್ರಾಲಿ ನಿಂತಿರುತ್ತದೆ.

ಕ್ರಮ ಹೀಗಿರಲಿ. ಮೊದಲು ಗ್ಯಾಸ್ ಬಿಡಿ. ಎರಡನೆಯದು, ಒಂದು ಸಲ ಡಿಪ್ಪರ್ ಹೊಡೆದು ಡಿಮ್‌ಗೆ ಬನ್ನಿ, ಜಗಳ ಬೇಡ. ಮೂರನೆಯದು, ಕಣ್ಣನ್ನು ಎದುರು ಲೈಟಿನಿಂದ ತೆಗೆದು ನಿಮ್ಮ ಎಡಗಡೆ ರಸ್ತೆಯ ಬಿಳಿ ಗೆರೆ ಅಥವಾ ಡಾಂಬರಿನ ಅಂಚಿಗೆ ಇಡಿ. ಆ ವಾಹನ ದಾಟಿದ ಕೂಡಲೇ ಗ್ಯಾಸ್ ಕೊಡಬೇಡಿ. ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಕೆಲವು ಸೆಕೆಂಡ್ ಬೇಕು. "ಎದುರಿನ ಗಾಡಿ ಹೋಯ್ತು, ರಸ್ತೆ ಖಾಲಿ" ಅನ್ನಿಸುತ್ತದಲ್ಲ, ಆ ಖಾಲಿ ಜಾಗದಲ್ಲೇ ಟ್ರಾಲಿ ಇರುತ್ತದೆ.

## ಹಂತ 5: ಟ್ರಾಲಿ ಹಿಂದೆ ಸರಿಯಾದ ಜಾಗ ಹಿಡಿಯಿರಿ

ಟ್ರಾಲಿ ಕಂಡಿತು, ನಿಧಾನ ಆದಿರಿ. ಈಗ ಎಲ್ಲಿ ಇರಬೇಕು? ಕನಿಷ್ಠ 20 ಹೆಜ್ಜೆ ಹಿಂದೆ, ಟ್ರಾಲಿಯ ಬಲ ಗಾಲಿಯ ಸಾಲಿನಲ್ಲಿ. ಅಲ್ಲಿಂದ ಬಲಬದಿ ಕಾಣುತ್ತದೆ, ಡ್ರೈವರ್ ತಿರುಗಿದರೆ ನಿಮ್ಮ ಲೈಟ್ ಅವನಿಗೆ ಕಾಣುತ್ತದೆ. ಕನ್ನಡಿ ಇರುವ ಟ್ರ್ಯಾಕ್ಟರ್ ಅಪರೂಪ. ಇದ್ದರೂ ಟ್ರಾಲಿಯ ಕಬ್ಬು ಅದನ್ನು ಮುಚ್ಚಿರುತ್ತದೆ.

ಏರು ಬಂದರೆ ಈ ಅಂತರವನ್ನು ಎರಡು ಪಟ್ಟು ಮಾಡಿ. ಎರಡು ಟ್ರಾಲಿ ಭಾರಕ್ಕೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಎತ್ತಿಕೊಂಡು ಅವನು ಹಿಂದಕ್ಕೆ ಜಾರಬಹುದು. ಟ್ರಾಲಿ ಜೋಡಿಸುವ ಪಿನ್ ಮುರಿದರೆ ಹಿಂದಿನ ಟ್ರಾಲಿ ಒಂದೇ ಹಿಂದೆ ಬರುತ್ತದೆ. ಬ್ರೇಕ್ ಇಲ್ಲದ ಟ್ರಾಲಿಗೆ ಇಳಿಜಾರು ಸಿಕ್ಕರೆ ಏನಾಗುತ್ತದೆ ಊಹಿಸಿ.

ಎಡಗಡೆಯಿಂದ ನುಸುಳುವುದು ಪೂರ್ತಿ ನಿಷಿದ್ಧ. ಎಡಗಡೆ ಹೊಲದ ದಾರಿಗೆ ಅವನು ತಿರುಗಿದಾಗ ಹಿಂದಿನ ಟ್ರಾಲಿ ಟ್ರ್ಯಾಕ್ಟರ್ ಹೋದ ಜಾಡಿನಲ್ಲೇ ಬರುವುದಿಲ್ಲ, ಒಳಗಡೆ ಮೂಲೆ ಕತ್ತರಿಸಿಕೊಂಡು ಬರುತ್ತದೆ. ಅಲ್ಲಿ ಬೈಕ್ ಇದ್ದರೆ ಗಾಲಿ ಅದರ ಮೇಲೆಯೇ.

## ಹಂತ 6: ಓವರ್‌ಟೇಕ್ ಮಾಡಲೇಬೇಕಾ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. 18ರ ವೇಗದ ಟ್ರ್ಯಾಕ್ಟರ್ ಹಿಂದೆಯೇ ಐದು ಕಿ.ಮೀ. ಹೋದರೆ, 45ರಲ್ಲಿ ಹೋಗುವವನಿಗಿಂತ ಹತ್ತು ನಿಮಿಷ ತಡವಾಗುತ್ತದೆ. ಹತ್ತೇ ನಿಮಿಷ. ಮುಂದೆ ಊರು ಬರುತ್ತದೆ, ಬೀದಿದೀಪ ಇರುತ್ತದೆ, ಅಲ್ಲಿ ದಾಟಬಹುದು. ನಾನು ಈಗ ಹೆಚ್ಚಾಗಿ ಹಾಗೇ ಮಾಡುತ್ತೇನೆ.

ದಾಟಲೇಬೇಕಾದರೆ ಲೆಕ್ಕ ಇದು. ಟ್ರ್ಯಾಕ್ಟರ್, ಎರಡು ಟ್ರಾಲಿ ಸೇರಿ ಸುಮಾರು 15 ಮೀಟರ್ ಉದ್ದ. ಹಿಂದೆ 15 ಮೀಟರ್, ಮುಂದೆ ಹೋಗಿ ಎಡಕ್ಕೆ ಬರಲು 10 ಮೀಟರ್ ಸೇರಿಸಿ. ಅವನು 18ರಲ್ಲಿ, ನೀವು 45ರಲ್ಲಿ ಇದ್ದರೆ ದಾಟಲು ಐದು ಸೆಕೆಂಡ್ ಮೇಲೆ ಬೇಕು. ಅಷ್ಟರಲ್ಲಿ ನೀವು 65 ಮೀಟರ್ ಹೋಗಿರುತ್ತೀರಿ. ಎದುರಿನಿಂದ 80ರಲ್ಲಿ ಬರುವ ಕಾರು ಸುಮಾರು 120 ಮೀಟರ್ ಹತ್ತಿರ ಬಂದಿರುತ್ತದೆ. ಎರಡೂ ಸೇರಿದರೆ ಹತ್ತಿರ ಹತ್ತಿರ 200 ಮೀಟರ್ ಖಾಲಿ ರಸ್ತೆ ಬೇಕು. ನಿಮ್ಮ ಡಿಮ್ ಲೈಟ್ ಮುಟ್ಟುವುದು 40 ಮೀಟರ್. ಕಾರಿಗೆ ಲೈಟ್ ಇರುತ್ತದೆ, ದೂರದಿಂದಲೇ ಕಾಣುತ್ತದೆ. ಎದುರು ಬರುವ ಎತ್ತಿನ ಗಾಡಿಗೆ ಏನಿರುತ್ತದೆ?

ಆದ್ದರಿಂದ ನಿಮಗೆ ಪರಿಚಯದ, ನೇರವಾದ ರಸ್ತೆಯಲ್ಲಿ ಮಾತ್ರ. ಸೇತುವೆ, ತಿರುವು, ಏರಿನ ನೆತ್ತಿ, ಹೊಲದ ದಾರಿ ಕೂಡುವ ಜಾಗದಲ್ಲಿ ಬೇಡ. ಕ್ರಮ:

ಮೊದಲು ಬಲ ಇಂಡಿಕೇಟರ್. ಕನ್ನಡಿಯಲ್ಲಿ ಹಿಂದೆ ನೋಡಿ, ನಿಮ್ಮನ್ನೇ ದಾಟಲು ಒಬ್ಬ ಬರುತ್ತಿರಬಹುದು. ಆಮೇಲೆ ಎರಡು ಮೂರು ಸಲ ಅಪ್ಪರ್–ಡಿಪ್ಪರ್. ಹಾರ್ನ್ ನಂಬಬೇಡಿ, ಡೆಕ್ ಸದ್ದಿನಲ್ಲಿ ಅವನಿಗೆ ಕೇಳುವುದಿಲ್ಲ. ಡ್ರೈವರ್ ತಿರುಗಿ ನೋಡಿದ, ಅಥವಾ ಕೈ ಮಾಡಿದ ಎಂದು ಖಚಿತವಾದ ಮೇಲೆ ಹೊರಗೆ ಬನ್ನಿ. ಕೈ ಮಾಡಿದ ಅಂದ ಮಾತ್ರಕ್ಕೆ ರಸ್ತೆ ಖಾಲಿ ಅಂತಲ್ಲ, ಅದನ್ನು ನೀವೇ ನೋಡಬೇಕು. ಬದಿಯಲ್ಲಿ ಹೋಗುವಾಗ ಒಂದೂವರೆ ಮೀಟರ್ ದೂರವಿರಲಿ. ಕಬ್ಬು ಟ್ರಾಲಿ ಅಂಚು ದಾಟಿ ಹೊರಗೆ ಚಾಚಿರುತ್ತದೆ, ಹಿಂದಿನ ಟ್ರಾಲಿ ಹಾವಿನ ಹಾಗೆ ಓಲಾಡುತ್ತಿರುತ್ತದೆ.

ಅವನ ಮುಂದೆ ಇನ್ನೊಂದು ಟ್ರ್ಯಾಕ್ಟರ್ ಇದೆಯಾ? ಒಂದೇ ಕಟಾವು ಗ್ಯಾಂಗ್‌ನ ಗಾಡಿಗಳು ಜೊತೆಗೇ ಹೋಗುತ್ತವೆ. ನಡುವೆ ನುಗ್ಗಲು ಜಾಗ ಕಾಣದಿದ್ದರೆ ಹೊರಡಲೇಬೇಡಿ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳಲೇಬೇಕು. ಬಲಗಡೆ ಹೊಲಕ್ಕೆ ಅಥವಾ ಕಾರ್ಖಾನೆ ಗೇಟಿಗೆ ತಿರುಗುವ ಡ್ರೈವರ್ ಮೊದಲು ಎಡಕ್ಕೆ ಸರಿಯುತ್ತಾನೆ. ಉದ್ದ ಗಾಡಿ ತಿರುಗಿಸಲು ಅಗಲ ಬೇಕು. ಹಿಂದಿನ ಬೈಕ್‌ನವನು "ಸೈಡ್ ಕೊಟ್ಟ" ಎಂದು ಬಲಕ್ಕೆ ನುಗ್ಗುತ್ತಾನೆ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಲಕ್ಕೆ ಅಡ್ಡ ಬರುತ್ತದೆ. ಟ್ರ್ಯಾಕ್ಟರ್ ಎಡಕ್ಕೆ ಸರಿದು ನಿಧಾನವೂ ಆದರೆ ನೀವು ನಿಲ್ಲಿ. ಎಡಕ್ಕೆ ಸರಿದು ಅದೇ ವೇಗದಲ್ಲಿ ಹೋಗುತ್ತಿದ್ದರೆ ಮಾತ್ರ ಸೈಡ್ ಕೊಟ್ಟಂತೆ.

## ಹಂತ 7: ಕೆಟ್ಟು ನಿಂತ ಟ್ರಾಲಿ, ಬಿದ್ದ ಕಬ್ಬು, ಬಿಟ್ಟ ಕಲ್ಲು

ಟೈರ್ ಸಿಡಿದರೆ ಅಥವಾ ಎಕ್ಸೆಲ್ ಮುರಿದರೆ ಟ್ರಾಲಿ ನಿಂತ ಜಾಗದಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಎರಡು ದಿನ. ಸುತ್ತ ಕಲ್ಲು ಜೋಡಿಸಿ, ಒಂದು ಟೊಂಗೆ ಸಿಕ್ಕಿಸಿರುತ್ತಾರೆ. ಟೊಂಗೆ ಹಗಲಿಗೆ ಸರಿ. ರಸ್ತೆ ನಡುವೆ ಟೊಂಗೆ ಅಥವಾ ಒಂದು ಕಲ್ಲು ಕಂಡರೆ ಅದನ್ನಷ್ಟೇ ತಪ್ಪಿಸಿ ಮುಂದೆ ಹೋಗಬೇಡಿ. ಅದರ ಆಚೆ ದೊಡ್ಡದು ಇದೆ ಎಂದೇ ತಿಳಿಯಿರಿ.

ರಿಪೇರಿ ಮುಗಿದ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ, ಕಲ್ಲು ಉಳಿಯುತ್ತವೆ. ಬೈಕ್‌ನ ಮುಂದಿನ ಗಾಲಿಗೆ ಆ ಕಲ್ಲು ಸಿಕ್ಕರೆ ಸಾಕು. ಕಂಡರೆ ಬೈಕ್ ಪೂರ್ತಿ ಬದಿಗೆ ನಿಲ್ಲಿಸಿ, ಎರಡೂ ಕಡೆ ನೋಡಿ, ಉರುಳಿಸಿ ಹಾಕಿ.

ಬಿದ್ದ ಕಬ್ಬಿನ ಮೇಲೆ ಹೋಗಲೇಬೇಕಾದರೆ ಬೈಕ್ ನೇರ ಇರಲಿ, ಬ್ರೇಕ್ ಮುಟ್ಟಬೇಡಿ. ಗಾಲಿ ಕೆಳಗೆ ಕಬ್ಬು ಉರುಳುತ್ತದೆ. ಓರೆಯಾಗಿ ಹತ್ತಿದರೆ ಬೀಳುವುದು ಗ್ಯಾರಂಟಿ.

## ಹಂತ 8: ಅಪಘಾತ ಕಂಡರೆ ಮೊದಲ ಹತ್ತು ನಿಮಿಷ

ಎಲ್ಲರೂ ಓಡಿ ಹೋಗಿ ಬಿದ್ದವನನ್ನು ಎತ್ತುತ್ತಾರೆ. ಅದು ಮೊದಲ ಕೆಲಸವಲ್ಲ. ಹಿಂದೆ ಬರುವ ವಾಹನ ಆ ಗುಂಪಿನ ಮೇಲೆಯೇ ನುಗ್ಗಬಹುದು.

1. ಒಬ್ಬರನ್ನು ಮೊಬೈಲ್ ಟಾರ್ಚ್ ಹಿಡಿಸಿ 70 ಹೆಜ್ಜೆ ಹಿಂದಕ್ಕೆ, ರಸ್ತೆ ಅಂಚಿಗೆ ಕಳಿಸಿ. ಎದುರು ದಿಕ್ಕಿಗೂ ಒಬ್ಬರು. ಬೈಕ್‌ಗಳನ್ನು ರಸ್ತೆಯಿಂದ ಕೆಳಗಿಳಿಸಿ.

2. 112ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ಗೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. "ಮುಧೋಳ ರಸ್ತೆ" ಅಂದರೆ ಸಾಲದು. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರು ದಾಟಿ ಯಾವ ಊರಿನ ಕಡೆ ಎಂದು ಹೇಳಿ.

3. ರಕ್ತ ಸೋರುವ ಜಾಗಕ್ಕೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ನಮ್ಮಲ್ಲಿ ಮೊದಲು ಮಾಡುವುದೇ ಅದು, ಮಾಡಬಾರದ್ದೂ ಅದೇ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಕೈ ಕಾಲು ಹಿಡಿದು ಜೋಳಿಗೆಯ ಹಾಗೆ ಎತ್ತಬೇಡಿ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ವಾಂತಿಯಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ.

"ಸಹಾಯ ಮಾಡಿದರೆ ಸ್ಟೇಷನ್‌ಗೆ ಅಲೆಯಬೇಕು" ಎಂಬ ಹೆದರಿಕೆ ಇನ್ನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳುವಂತೆ ನಿಮ್ಮನ್ನು ಬಲವಂತ ಮಾಡುವ ಹಾಗಿಲ್ಲ. ಇನ್ನೊಂದು ವಿಷಯ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ ಇದೆ. ಇದಕ್ಕೆ ಪೊಲೀಸರ ದೃಢೀಕರಣ ಬೇಕು. ಅದಕ್ಕೇ 112ಕ್ಕೆ ಬೇಗ ಹೇಳುವುದು.

## ಹಂತ 9: ಬೆಳಗಾಗುವ ಮುಂಚೆ ಫೋಟೋ, ಆರು ತಿಂಗಳೊಳಗೆ ಅರ್ಜಿ

ಗಾಯಾಳು ಹೊರಟ ಮೇಲೆ ಒಬ್ಬರು ಅಲ್ಲೇ ಉಳಿಯಿರಿ. ಟ್ರಾಲಿಯ ಹಿಂಭಾಗದ ಫೋಟೋ ತೆಗೆಯಿರಿ. ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು. ಲೈಟ್, ರಿಫ್ಲೆಕ್ಟರ್ ಇತ್ತೋ ಇಲ್ಲವೋ ಗೊತ್ತಾಗಬೇಕು. ಟ್ರ್ಯಾಕ್ಟರ್ ನಂಬರ್, ಟ್ರಾಲಿ ನಂಬರ್ ಬೇರೆ ಬೇರೆ ತೆಗೆಯಿರಿ. ರಸ್ತೆಯ ಯಾವ ಭಾಗದಲ್ಲಿ ನಿಂತಿತ್ತು ಎಂದು ದೂರದಿಂದ ಒಂದು. ಬೆಳಗಾದ ಮೇಲೆ ಅದೇ ಟ್ರಾಲಿಗೆ ಹೊಸ ಕೆಂಪು ಟೇಪ್ ಬಂದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಟು ಇನ್ನೂ ಹಸಿ ಇತ್ತು.

ಮುಂದೆ ಪರಿಹಾರದ ಕೇಸಿನಲ್ಲಿ ಎದುರು ವಕೀಲರು ಕೇಳುವುದೇ ಇದು: ಬೈಕ್ ಜೋರಾಗಿತ್ತಾ, ಹೆಲ್ಮೆಟ್ ಇತ್ತಾ? ನಿಮ್ಮದೂ ತಪ್ಪಿದೆ ಎಂದಾದರೆ ಪರಿಹಾರದಲ್ಲಿ ಪಾಲು ಕಡಿತವಾಗುತ್ತದೆ. ಆಗ ಆ ಫೋಟೋ ಬೇಕಾಗುತ್ತದೆ.

ಎಫ್‌ಐಆರ್ ಪ್ರತಿ, ಸ್ಥಳ ಪಂಚನಾಮೆ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಎಲ್ಲ ಬಿಲ್ಲುಗಳು, ಎರಡೂ ವಾಹನಗಳ ವಿಮೆ ವಿವರ ಒಂದೇ ಫೈಲ್‌ನಲ್ಲಿರಲಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ಅಪಘಾತವಾದ ಊರಲ್ಲೇ ಹಾಕಬೇಕು ಎಂದೇನಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. "ಪ್ಲಾಸ್ಟರ್ ಬಿಚ್ಚಲಿ, ಆಮೇಲೆ ನೋಡೋಣ" ಅನ್ನುವವರೇ ತಡ ಮಾಡಿಕೊಳ್ಳುತ್ತಾರೆ. ಗುದ್ದಿದ ವಾಹನ ಓಡಿ ಹೋಗಿ ಪತ್ತೆಯೇ ಆಗದಿದ್ದರೆ ಬೇರೆ ಯೋಜನೆ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ವಕೀಲರ ಖರ್ಚು ಹೆಚ್ಚಾಗುತ್ತದೆ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

## ಹಂತ 10: ಟ್ರ್ಯಾಕ್ಟರ್ ನಿಮ್ಮದೇ ಆಗಿದ್ದರೆ

ಇದನ್ನು ಓದುವವರಲ್ಲಿ ಅರ್ಧ ಜನರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ರಾತ್ರಿ ಬೈಕ್ ಮೇಲೆ ಬರುವವರೂ ನಾವೇ, ಟ್ರಾಲಿ ಕಳಿಸುವವರೂ ನಾವೇ.

ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಟೇಪ್. 50 ಮಿ.ಮೀ. ಅಗಲದ್ದು ತನ್ನಿ. ಅಂಟಿಸುವ ಮುಂಚೆ ತಗಡನ್ನು ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಮಣ್ಣಿನ ಮೇಲೆ ಅಂಟಿಸಿದರೆ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಎಲ್ಲಿ ಅಂಟಿಸುತ್ತೀರಿ ಅನ್ನುವುದು ಇನ್ನೂ ಮುಖ್ಯ. ಹಿಂದಿನ ಹಲಗೆಯ ಮೇಲೆ ಹಚ್ಚಿದರೆ ಜೋತು ಬಿದ್ದ ಕಬ್ಬು ಅದನ್ನು ಮುಚ್ಚುತ್ತದೆ. ಕೆಳಗಿನ ಚಾಸಿಗೆ, ಎರಡೂ ತುದಿಗೆ ಹಚ್ಚಿ. ಅಗಲ ಎಷ್ಟು ಎಂದು ಹಿಂದಿನವನಿಗೆ ತಿಳಿಯಬೇಕು. ಕಬ್ಬು ಹೇರಿದ ಮೇಲೆ 50 ಹೆಜ್ಜೆ ಹಿಂದೆ ಹೋಗಿ ಮೊಬೈಲ್ ಟಾರ್ಚ್ ಕಣ್ಣಿನ ಹತ್ತಿರ ಹಿಡಿದು ನೋಡಿ. ಟೇಪ್ ಹೊಳೆಯದಿದ್ದರೆ ಒರೆಸಿ ಅಥವಾ ಬೇರೆ ಕಡೆ ಹಚ್ಚಿ. ಕೊನೆಗೆ ಎರಡು ಗೇಣಿನ ಕೆಂಪು ಟೇಪ್ ಹಚ್ಚಿದ ತಗಡನ್ನು ಕಬ್ಬಿನ ಹೊರೆಗೇ ಹಗ್ಗದಿಂದ ಕಟ್ಟಿ ತೂಗುಬಿಡಿ. ನಿಮ್ಮ ಡಿಕ್ಕಿಯಲ್ಲಿ ಉಳಿದ ಟೇಪ್ ಇದಕ್ಕೇ. ದಾರಿಯಲ್ಲಿ ಟೇಪ್ ಇಲ್ಲದ ಟ್ರಾಲಿ ಕಂಡರೆ ಡ್ರೈವರ್‌ಗೂ ಕೊಡಿ. "ತಮ್ಮಾ, ಇದನ್ನ ಹಚ್ಚಕೋ" ಅಂದರೆ ಯಾರೂ ಬೇಡ ಅಂದಿಲ್ಲ.

ಟ್ರ್ಯಾಕ್ಟರ್‌ಗೆ ವಿಮೆ ಇದ್ದರೆ ಟ್ರಾಲಿಗೂ ಇದೆ ಅಂದುಕೊಳ್ಳಬೇಡಿ. ಟ್ರಾಲಿಗೆ ಬೇರೆ ನೋಂದಣಿ. ಪಾಲಿಸಿಯಲ್ಲಿ ಟ್ರಾಲಿಗಳ ಹೆಸರಿದೆಯಾ, ಎರಡೂ ಇವೆಯಾ ಎಂದು ಇವತ್ತೇ ತೆರೆದು ನೋಡಿ. ಇಲ್ಲದಿದ್ದರೆ ಕೋರ್ಟಿನಲ್ಲಿ ಪರಿಹಾರದ ಹಣ ನಿಮ್ಮ ಹೊಲದ ಮೇಲೆ ಬರಬಹುದು. ಟ್ರಾಲಿಯನ್ನು ಅಪಾಯವಾಗುವಂತೆ ರಸ್ತೆಯಲ್ಲಿ ಬಿಟ್ಟು ಹೋಗುವುದೂ ಕಾಯ್ದೆಯ 122ನೇ ಕಲಂ ಪ್ರಕಾರ ತಪ್ಪೇ.

ಇನ್ನು ಕಲ್ಲು. ಅದರ ಬದಲು ಬಡಗಿ ಹತ್ತಿರ ಗಾಲಿಗೆ ಕೊಡಲು ಜಾಲಿ ಕಟ್ಟಿಗೆಯ ಎರಡು ಒಡ್ಡು ಮಾಡಿಸಿ, ಒಂದು ಕಡೆ ಇಳಿಜಾರಿರಲಿ. ಒಂದೊಂದಕ್ಕೂ ತೂತು ಕೊರೆದು ಹಗ್ಗ ಹಾಕಿ ಟ್ರಾಲಿಯ ಚಾಸಿಗೆ ಕಟ್ಟಿಬಿಡಿ. ಡ್ರೈವರ್ ನಿದ್ದೆಗಣ್ಣಲ್ಲಿ ಮರೆತು ಹೊರಟರೂ ಒಡ್ಡು ಹಿಂದೆಯೇ ಎಳೆದುಕೊಂಡು ಹೋಗುತ್ತದೆ, ರಸ್ತೆ ಮೇಲೆ ಉಳಿಯುವುದಿಲ್ಲ.